ಧರ್ಮಸಭೆಯ ತೀರ್ಪು, ಸರ್ಕಾರದ ಕಾನೂನು
(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಸಾರಾಂಶ)



ಈ ಹರ್ಷದ ಸಂದರ್ಭದಲ್ಲಿ ನಮ್ಮ ದೇವಾಲಯದ ವಿವಾಹ ದಾಖಲೆ ಪುಸ್ತಕವನ್ನು ಒಮ್ಮೆ ಸ್ಮರಿಸೋಣ. ಧರ್ಮಸಭೆಗೆ ಅದು ಪವಿತ್ರ ಸಂಸ್ಕಾರದ ದಾಖಲೆ. ಸರ್ಕಾರಕ್ಕೆ ಕಾನೂನಿನ ದಾಖಲೆ. ಯಾಜಕರು ಧರ್ಮಸಭೆಯ ವಿಧಿಗನುಸಾರವಾಗಿ ನೆರವೇರಿಸಿದ ವಿವಾಹವನ್ನು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಮಾನ್ಯ ಮಾಡಿದೆ. ನೋಂದಣಿಯ ನಮೂನೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೇ ಬಿಟ್ಟು, ಮೂರು ತಿಂಗಳಿಗೊಮ್ಮೆ ವರದಿಯನ್ನು ಮಾತ್ರ ಕೇಳಿದೆ. ಗಂಟು ಹಾಕುವಾಗ ಧರ್ಮಸಭೆ, ಸರ್ಕಾರ ಎರಡಕ್ಕೂ ಒಂದೇ ಗಂಟು. ಬಿಚ್ಚುವ ಪ್ರಸಂಗ ಬಂದಾಗ ದಾರಿಗಳು ಬೇರೆಯಾಗುತ್ತವೆ.

ವಿವಾಹವು ಒಬ್ಬ ಪುರುಷ ಹಾಗೂ ಒಬ್ಬ ಸ್ತ್ರೀಯ ಆಜೀವ ಒಡಂಬಡಿಕೆಯೆಂಬುದು ಧರ್ಮಸಭೆಯ ಬೋಧನೆ. ಅಲ್ಲಿ ವಿಚ್ಛೇದನೆಗೆ ಎಡೆಯಿಲ್ಲ. ಆದರೆ ಬಲಾತ್ಕಾರದಿಂದಲೋ ವಂಚನೆಯಿಂದಲೋ ಸಮ್ಮತಿ ಪಡೆದಿದ್ದರೆ, ಅದು ಆರಂಭದಿಂದಲೇ ವಿವಾಹವಲ್ಲವೆಂದು ಧರ್ಮಸಭೆಯ ನ್ಯಾಯಮಂಡಳಿ ಘೋಷಿಸಬಹುದು. ಈ ಘೋಷಣೆಯನ್ನು ಸರ್ಕಾರ ಒಪ್ಪಬೇಕೇ? ಇದೇ ವಿವಾದ.

1996ರಲ್ಲಿ ಮೋಳಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಬೇಕಾಗಿಲ್ಲವೆಂದಿತು. ನಮ್ಮ ಕರ್ನಾಟಕದವರೇ ಆದ ಮಂಗಳೂರಿನ ನ್ಯಾಯವಾದಿ ಕ್ಲಾರೆನ್ಸ್ ಪಾಯಸ್ ಅವರು, ಕಥೋಲಿಕರಿಗೆ ಧರ್ಮಸಭೆಯ ಕಾನೂನೇ ವೈಯಕ್ತಿಕ ಕಾನೂನೆಂದು ವಾದಿಸಿ 2013ರಲ್ಲಿ ಅದೇ ನ್ಯಾಯಾಲಯದ ಮೊರೆಹೊಕ್ಕರು. 2017ರ ಜನವರಿಯಲ್ಲಿ ಆ ಅರ್ಜಿಯೂ ವಜಾಗೊಂಡಿತು. 1869ರ ವಿಚ್ಛೇದನಾ ಕಾಯಿದೆ ಇರುವಾಗ ತೀರ್ಪು ನೀಡುವ ಅಧಿಕಾರ ಸರ್ಕಾರದ ನ್ಯಾಯಾಲಯಕ್ಕೇ ಸೇರಿದ್ದೆಂಬುದು ನಿರ್ಣಯ.

ಇದು ದೂರದ ದೆಹಲಿಯ ಮಾತಲ್ಲ. ಧರ್ಮಸಭೆಯ ಪತ್ರವೊಂದನ್ನೇ ನಂಬಿ ಮರುಮದುವೆಯಾದ ಹೆಣ್ಣುಮಗಳು ಕಾನೂನಿನ ದೃಷ್ಟಿಯಲ್ಲಿ ಹೆಂಡತಿಯೇ ಅಲ್ಲ. ಗಂಡ ತೀರಿಕೊಂಡರೆ ಹೊಲದ ಪಹಣಿಯಲ್ಲಿ ಆಕೆಯ ಹೆಸರು ಬರುವುದು ಕಷ್ಟ. ದ್ವಿಪತ್ನಿತ್ವ, ದ್ವಿಪತಿತ್ವಗಳಿಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮು ಏಳು ವರ್ಷಗಳವರೆಗಿನ ಸೆರೆವಾಸ ವಿಧಿಸುತ್ತದೆ. ಅತ್ತ, ನ್ಯಾಯಾಲಯದ ವಿಚ್ಛೇದನೆಯೊಂದನ್ನೇ ಹಿಡಿದು ಬಂದವರಿಗೆ ಬಲಿಪೀಠದ ಮುಂದೆ ಮರುಮದುವೆಯಿಲ್ಲ. ಎರಡೂ ತೀರ್ಪುಗಳು ಬೇಕು.

ಕೋರ್ಟಿನ ಮೆಟ್ಟಿಲು ಹತ್ತುವುದೇ ಪಾಪವೆಂದು ಭಾವಿಸಿ ಹೊಡೆತ, ಹಸಿವು ಸಹಿಸಿಕೊಂಡಿರುವ ತಾಯಂದಿರಿದ್ದಾರೆ. ಅವರು ಇದನ್ನು ತಿಳಿಯಬೇಕು: ಹಕ್ಕುಗಳ, ಮಕ್ಕಳ ಪಾಲನೆಯ, ಆಸ್ತಿಯ ರಕ್ಷಣೆಗೆ ಬೇರೆ ದಾರಿಯಿಲ್ಲದಿದ್ದಾಗ ನ್ಯಾಯಾಲಯದ ವಿಚ್ಛೇದನೆ ಪಡೆಯುವುದು ನೈತಿಕ ಅಪರಾಧವಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ 2383ನೇ ಪರಿಚ್ಛೇದದಲ್ಲಿ ತಿಳಿಸುತ್ತದೆ. ಜೀವನಾಂಶ ಕೊಡಿಸುವ ಅಧಿಕಾರ ಧರ್ಮಸಭೆಯ ಮಂಡಳಿಗಿಲ್ಲ, ನ್ಯಾಯಾಲಯಕ್ಕಿದೆ. ಆದುದರಿಂದ ಈ ಎರಡನೆಯ ಬಾಗಿಲು ತೊಡಕೆನಿಸಿದರೂ ದುರ್ಬಲರಿಗೆ ಆಸರೆಯೆಂದೇ ನನ್ನ ಅಭಿಪ್ರಾಯ.

ಕಾನೂನೂ ತಿದ್ದಿಕೊಳ್ಳಬಲ್ಲದು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಕ್ರೈಸ್ತ ಮಹಿಳೆಯರ ಬಹುಕಾಲದ ಒತ್ತಾಯದ ಫಲವಾಗಿ 2001ರಲ್ಲಿ ಸಂಸತ್ತು ಈ ಅನ್ಯಾಯವನ್ನು ತೊಡೆಯಿತು.

ಚರ್ಚೆ ಇನ್ನೂ ನಿಂತಿಲ್ಲ. ಒಂದೇ ಲಿಂಗದವರ ವಿವಾಹದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ಶಾಸಕಾಂಗಕ್ಕೆ ಬಿಟ್ಟಿತು. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಏಕರೂಪ ನಾಗರಿಕ ಸಂಹಿತೆ ಜಾರಿಗೆ ಬಂದಿದೆ. ಶಾಸನಸಭೆಗಳು ವಿವಾಹಕ್ಕೆ ಯಾವ ಅರ್ಥ ಕೊಟ್ಟರೂ ಸಂಸ್ಕಾರದ ಅರ್ಥ ಬದಲಾಗದು. ಆದರೆ ಕಾನೂನನ್ನು ಅರಿಯದ ಭಕ್ತಿ ನಮ್ಮ ಹೆಣ್ಣುಮಕ್ಕಳನ್ನು ಕಾಪಾಡದು.

ಕಷ್ಟದಲ್ಲಿರುವವರು ಮೊದಲು ಗುರುಗಳನ್ನು ಕಾಣಲಿ. ಬಳಿಕ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಲಿ. 1987ರ ಕಾಯಿದೆಯಂತೆ ಸ್ತ್ರೀಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವುಂಟು. ನಾಜರೇತಿನ ಪವಿತ್ರ ಕುಟುಂಬವು ನಮ್ಮ ಮನೆಗಳನ್ನು ಕಾಯಲೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.