ಬೆಸುಗೆಯ ಬದಿಯಲ್ಲಿ

‘ಬೆಸುಗೆ’ ಎಂಬುದು ಕವಿಗೂ ಕಮ್ಮಾರನಿಗೂ ಸಮಾನವಾಗಿ ಸಲ್ಲುವ ಮಾತು. ಎರಡು ಜೀವಗಳು ಕೂಡಿದರೂ ಬೆಸುಗೆ, ಎರಡು ಲೋಹಗಳು ಕೂಡಿದರೂ ಬೆಸುಗೆ. ವೃತ್ತಿಜೀವನದುದ್ದಕ್ಕೂ ಮೊದಲನೆಯದನ್ನೇ ಪಾಠ ಹೇಳಿದ ನಾನು ಈ ದಿನ ಎರಡನೆಯದನ್ನು ಕುರಿತು ಮಾತನಾಡಲು ಹೊರಟಿದ್ದರೆ ಅದಕ್ಕೆ ಕಾರಣ ತುಂಗಭದ್ರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 70 ವರ್ಷ ದುಡಿದ ಗೇಟು ಅದು. ಕೆಳಗಡೆ ಆನೆಗೊಂದಿಯ ದಂಡೆಯಲ್ಲಿರುವ ನಮಗೆ ಏಕಕಾಲಕ್ಕೆ ಎರಡು ಭಯ: ಇಂದು ನೀರು ಹೆಚ್ಚಾಗಿ ಗದ್ದೆ ಮುಳುಗೀತು, ನಾಳೆ ನೀರಿಲ್ಲದೆ ಅದೇ ಗದ್ದೆ ಒಣಗೀತು. ವಾರ ಕಳೆಯುವಷ್ಟರಲ್ಲಿ, ಗೇಟುತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭೋರ್ಗರೆವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ಆ ಬಾಯನ್ನು ಮುಚ್ಚಿದರು. ಸರಪಳಿಯಲ್ಲಿ ಸೋತದ್ದು ಬೆಸುಗೆಯೆಂದು ನಾನು ಹೇಳುತ್ತಿಲ್ಲ. ಆದರೆ ‘ಉಕ್ಕು ಎಲ್ಲಿ ಸೋಲುತ್ತದೆ?’ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಾಲ್ಯದಲ್ಲಿ ಕಂಡ ಕುಲುಮೆ ನೆನಪಾಗುತ್ತದೆ. ಗಾಲಿಯ ಹಳಿಯ ಎರಡು ತುದಿಗಳನ್ನು ಕಮ್ಮಾರನು ಬೆಳ್ಳಗೆ ಕಾಯಿಸಿ, ಚಿಟಿಕೆ ಮರಳು ಎರಚಿ, ಸುತ್ತಿಗೆಯಿಂದ ಬಡಿದು ಒಂದು ಮಾಡುತ್ತಿದ್ದ. ಐರೋಪ್ಯರ ‘ವೂಟ್ಜ್’ ಎಂಬ ಶಬ್ದ ನಮ್ಮ ‘ಉಕ್ಕು’ವಿನಿಂದಲೇ ಹೊರಟಿತೆಂದು ವಿದ್ವಾಂಸರು ಊಹಿಸುತ್ತಾರಷ್ಟೆ, ಆ ಪರಂಪರೆಯ ಕೊನೆಯ ಕಿಡಿಯನ್ನು ನಾನು ಅಲ್ಲಿ ಕಂಡೆನೋ ಏನೋ.

ಇಂದು ಆ ಸುತ್ತಿಗೆಯ ಸ್ಥಾನಕ್ಕೆ ಬೆಳಕು ಬಂದಿದೆ. ಹೊಸಪೇಟೆಯಾಚೆಯ ತೋರಣಗಲ್ಲಿನಲ್ಲಿ ಮೋಟಾರು ವಾಹನಗಳಿಗೆಂದು ಅಧಿಕ ಬಲದ ಉಕ್ಕಿನ ತೆಳುಹಾಳೆಗಳು ತಯಾರಾಗುತ್ತವೆ. ಸಾಧಾರಣ ಕಟ್ಟಡದ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 42 ಕಿಲೋ ಎಳೆತವನ್ನು ತಾಳಿದರೆ, ಇಂಥ ಉಕ್ಕುಗಳಲ್ಲಿ ಕೆಲವು 100 ಕಿಲೋವನ್ನೂ ತಾಳುತ್ತವೆ. ಗುಟ್ಟು ಒಳಗಿನ ಹರಳುಗಳಲ್ಲಿದೆ. ಫೆರೈಟ್ ಎಂಬ ಮೆತ್ತನೆಯ ನೆಲದ ನಡುನಡುವೆ ಮಾರ್ಟೆನ್‌ಸೈಟ್ ಎಂಬ ಗಟ್ಟಿ ದ್ವೀಪಗಳು. ಮೆತ್ತನೆಯದು ಬಾಗುತ್ತದೆ, ಗಟ್ಟಿಯದು ಭಾರ ಹೊರುತ್ತದೆ. ಸಂಸಾರದಂತೆ ಎನ್ನಬಹುದು.

ಇಂಥ ಎರಡು ಹಾಳೆಗಳ ಸಂದಿಯ ಮೇಲೆ ಲೇಸರ್ ಕಿರಣವನ್ನು ಮಿಲಿಮೀಟರಿಗಿಂತ ಕಿರಿದಾದ ಬಿಂದುವಿನಲ್ಲಿ ನಿಲ್ಲಿಸಿದರೆ, ಅಲ್ಲಿಯ ಲೋಹ ಕರಗುವುದಷ್ಟೇ ಅಲ್ಲ, ಆವಿಯೂ ಆಗಿ, ಬೀಗದ ಕೈಯ ರಂಧ್ರದಂತೆ ಆಳವಾದ ಕಿಂಡಿ ಕೊರೆಯುತ್ತದೆ. ಕಿರಣ ಮುಂದೆ ಸಾಗಿದಂತೆ ಹಿಂದಿನ ಕಿಂಡಿಗೆ ದ್ರವಲೋಹ ತುಂಬಿಕೊಂಡು ಗಟ್ಟಿಯಾಗುತ್ತದೆ. ಸುತ್ತಲಿನ ತಣ್ಣನೆಯ ಹಾಳೆ ಆ ಶಾಖವನ್ನು ಕ್ಷಣಮಾತ್ರದಲ್ಲಿ ಹೀರಿಕೊಳ್ಳುವುದರಿಂದ, ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದಂತಾಗಿ, ಬೆಸುಗೆಯ ಗೆರೆ ಬಹುಪಾಲು ಮಾರ್ಟೆನ್‌ಸೈಟೇ ಆಗಿಬಿಡುತ್ತದೆ. ಇಂಗಾಲ ಹೆಚ್ಚಿದ್ದಷ್ಟೂ ಅದು ಹೆಚ್ಚು ಗಡಸು, ಹೆಚ್ಚು ಪೆಡಸು.

ಹಾಗಾದರೆ ಮುರಿಯುವುದು ಅಲ್ಲಿಯೇ ಅಲ್ಲವೆ? ನಾನೂ ಹಾಗೆಯೇ ಎಣಿಸಿದ್ದೆ. ಒಳ್ಳೆಯ ಬೆಸುಗೆಯನ್ನು ಯಂತ್ರದಲ್ಲಿ ಎಳೆದು ನೋಡಿದಾಗ, ಅನೇಕ ವೇಳೆ ಗೆರೆ ಅಲುಗುವುದಿಲ್ಲ. ಅದರ ಪಕ್ಕದ ಸಣ್ಣ ಪಟ್ಟಿ ಹರಿಯುತ್ತದೆ. ಅಲ್ಲಿ ಲೋಹ ಕರಗಿರುವುದಿಲ್ಲ, 727 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ. ಅದಕ್ಕಿಂತ ತುಸು ಕಡಿಮೆ ಬೆಂದಿರುತ್ತದೆ. ಆ ಅರೆಬೇಗೆಯಲ್ಲಿ ಮೊದಲೇ ಇದ್ದ ಮಾರ್ಟೆನ್‌ಸೈಟ್ ತನ್ನ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಎಳೆತವೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಲೇಸರಿನ ಹೆಚ್ಚುಗಾರಿಕೆಯೆಂದರೆ ಈ ಮೆತ್ತನೆಯ ಪಟ್ಟಿಯನ್ನು ಬಹಳ ಕಿರಿದಾಗಿ ಇಡುವುದು. ಅಕ್ಕಪಕ್ಕದ ಗಟ್ಟಿಭಾಗಗಳು ಅದನ್ನು ಬಿಗಿಹಿಡಿಯುವುದರಿಂದ ಬಲದ ನಷ್ಟ ಸ್ವಲ್ಪ. ಆದರೆ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಬಾಗಿಸುವಾಗ ಬಿರುಕು ಅಲ್ಲಿಂದಲೇ ಹೊರಡಬಹುದು. ಗೇಟಿನಂಥ ದಪ್ಪ ಕೆಲಸಕ್ಕೆ ವಾಡಿಕೆಯಾದ ವಿದ್ಯುತ್ ಚಾಪದ ಬೆಸುಗೆಯಲ್ಲಿ ಶಾಖ ತಾಕುವ ಪ್ರದೇಶ ಇನ್ನೂ ಅಗಲ.

ಆದುದರಿಂದ ಬಲ್ಲ ಪರೀಕ್ಷಕನು ಗೆರೆಯನ್ನಷ್ಟೇ ನೋಡುವುದಿಲ್ಲ. ವಜ್ರದ ಮೊನೆಯಿಂದ ಬೆಸುಗೆಗೆ ಅಡ್ಡಲಾಗಿ ಸಾಲುಸಾಲು ಚುಕ್ಕೆಗಳನ್ನು ಒತ್ತಿ, ಪ್ರತಿಯೊಂದರ ಗುರುತನ್ನು ಅಳೆದು, ಗಡಸುತನದ ರೇಖೆ ಬರೆಯುತ್ತಾನೆ. ಅಂಥದೊಂದನ್ನು ಮೊದಲು ನೋಡಿದಾಗ ನನಗೆ ನಗು ಬಂತು: ನಡುವೆ ಒಂದು ಬೆಟ್ಟ, ಇಕ್ಕೆಲಗಳಲ್ಲಿ ಕಿರುಗಣಿವೆ, ಆಮೇಲೆ ಬಯಲು. ಥೇಟು ನಮ್ಮ ಆನೆಗೊಂದಿಯೇ.