ಹೊಸತೊಡಕು: ಯುಗಾದಿಯ ಮರುದಿನದ ವಿಚಾರ

ಚೈತ್ರ ಶುದ್ಧ ಪಾಡ್ಯದಂದು ಚಾಂದ್ರಮಾನ ವರ್ಷ ಮೊದಲಾಗುವುದು, ಎಣ್ಣೆಸ್ನಾನ, ಮಾವಿನ ತೋರಣ, ಬೇವುಬೆಲ್ಲ, ಪಂಚಾಂಗ ಶ್ರವಣ ಇವೆಲ್ಲ ಬೇರೆಡೆ ಸುಲಭವಾಗಿ ದೊರೆಯುವ ಸಂಗತಿಗಳಾದುದರಿಂದ ಇಲ್ಲಿ ಅವುಗಳ ವಿಸ್ತಾರಕ್ಕೆ ಕೈಹಾಕಿಲ್ಲ. ತಮಿಳರ ಸೌರಮಾನ ವರ್ಷಾರಂಭವಾದ ಚಿತ್ತಿರೈ ಏಪ್ರಿಲ್ 14ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸುಮಾರು 354 ದಿನಗಳ ಚಾಂದ್ರ ವರ್ಷವನ್ನು ಅಧಿಕಮಾಸ ಸರಿದೂಗಿಸುವುದರಿಂದ ಯುಗಾದಿ ಮಾತ್ರ ಹಿಂದುಮುಂದಾಗುತ್ತದೆ. 2024ರಲ್ಲಿ ಅದು ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು.

ತಮಿಳುನಾಡಿನ ಗಡಿಯ ಹೊಸೂರು ಸೀಮೆಯಲ್ಲಿ ಈ ಎರಡು ವರ್ಷಾರಂಭಗಳೂ ಅಕ್ಕಪಕ್ಕದ ಮನೆಗಳಲ್ಲಿ ನಡೆಯುತ್ತವೆ. ತಮಿಳುನಾಡು ಸರ್ಕಾರದ ರಜೆಪಟ್ಟಿಯಲ್ಲಿ ಯುಗಾದಿಗೆ ‘ತೆಲುಗು ವರ್ಷಾರಂಭ’ವೆಂದು ಹೆಸರು, ಅದೇ ದಿನ ಬೇವುಬೆಲ್ಲ ತಿನ್ನುವ ಕನ್ನಡಿಗರು ಆ ಹೆಸರಿನ ಮರೆಯಲ್ಲಿದ್ದಾರೆ. ತಮಿಳು ವರ್ಷಾರಂಭವನ್ನೇ 2008ರ ಕಾಯಿದೆ ತೈ ತಿಂಗಳಿಗೆ ಸರಿಸಿ, 2011ರಲ್ಲಿ ಆ ಕಾಯಿದೆ ರದ್ದಾದುದನ್ನು ಕಂಡವರಿಗೆ ಹಬ್ಬದ ಹೆಸರು ಕಚೇರಿಯಲ್ಲಿ ತೀರ್ಮಾನವಾಗುವುದು ಹೊಸತೇನಲ್ಲ.

ನಿಜವಾದ ವಾದವಿರುವುದು ಮರುದಿನದ ಹೆಸರಿನಲ್ಲಿ. ಹಳೆಯ ಮೈಸೂರು ಸೀಮೆಯಲ್ಲೂ ಅದಕ್ಕೆ ಅಂಟಿದ ಈ ಗಡಿಯ ಕನ್ನಡ ಮನೆಗಳಲ್ಲೂ ಹೊಸತೊಡಕು ಅಥವಾ ವರ್ಷತೊಡಕು ಎನಿಸುವ ಆ ದಿನ ಬಾಡೂಟದ್ದು. ತೊಡಕು ಎಂದರೆ ಅಡಚಣೆ, ಆದುದರಿಂದ ಮಾಂಸ, ಇಸ್ಪೀಟುಗಳ ಈ ದಿನ ಶುದ್ಧವಾದ ಹಬ್ಬಕ್ಕೆ ಆಮೇಲೆ ಹತ್ತಿದ ಕಲೆ ಎಂಬುದು ಒಂದು ಪಕ್ಷ. ಅಡಚಣೆಗೆ ‘ಹೊಸ’ ಎಂಬ ವಿಶೇಷಣ ಹಚ್ಚಿ ಅದನ್ನು ವರ್ಷವರ್ಷವೂ ಕಾದು ಕೂರುವ ಜನ ಎಲ್ಲಿದ್ದಾರೆಂಬುದಕ್ಕೆ ಆ ಪಕ್ಷದಲ್ಲಿ ಉತ್ತರವಿಲ್ಲ. ಇದು ‘ತೊಡಗು’, ಅಂದರೆ ಆರಂಭಿಸು ಎಂಬ ಧಾತುವಿನಿಂದ ಬಂದುದೆನ್ನುವ ಎರಡನೆಯ ಪಕ್ಷ ಸರಿದಾರಿ ಹಿಡಿದಿದ್ದರೂ ಗಕಾರವು ಕಕಾರವಾದ ಬಗೆಯನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ.

ಆ ವಿವರಣೆ ಹೊಸೂರು ಸೀಮೆಯ ಅವಲಪಲ್ಲಿಯ ಬೀದಿಯಲ್ಲೇ ಸಿಗುತ್ತದೆ. ತಮಿಳಿನಲ್ಲಿ ಆರಂಭಿಸು ಎಂಬ ಕ್ರಿಯೆಗೆ ‘ತೊಡಂಗು’, ಆರಂಭ ಎಂಬ ನಾಮಕ್ಕೆ ‘ತೊಡಕ್ಕಂ’. ಇಲ್ಲಿನ ಮಕ್ಕಳು ಎರಡನ್ನೂ ದಿನವೂ ಕೇಳುತ್ತಾರೆ. ಕನ್ನಡದಲ್ಲೂ ಅಡಗು, ಅಡಕು ಎಂಬ ಜೋಡಿಯುಂಟು. ಗಡಿನಾಡಿನ ಆಡುಮಾತನ್ನು ಕಲಬೆರಕೆಯೆಂದು ತಳ್ಳದೆ ಕಿವಿಗೊಟ್ಟು ಕೇಳಿದರೆ ಇಂಥ ಸಾಕ್ಷ್ಯ ಸಿಗುತ್ತದೆ. ಆದರೂ ಸಿಕ್ಕಿಕೊಳ್ಳು ಎಂಬ ಅರ್ಥವನ್ನು ಪೂರ್ತಿ ಬಿಡುವಂತಿಲ್ಲ: ಆ ದಿನ ಜಗಳವಾಡಿದರೆ ವರ್ಷವಿಡೀ ಜಗಳ, ಹೊಟ್ಟೆತುಂಬ ಉಂಡರೆ ವರ್ಷವಿಡೀ ಊಟ ಎಂಬ ನಂಬಿಕೆಯಲ್ಲಿ ಅಂದು ತೊಡಗಿದುದೇ ವರ್ಷಕ್ಕೆ ತೊಡರಿಕೊಳ್ಳುತ್ತದೆ.

ಬೇಸಾಯವೂ ಇದೇ ಕಡೆ ಸಾಕ್ಷಿ ನುಡಿಯುತ್ತದೆ. ಯುಗಾದಿಗೆ ಎತ್ತುಗಳನ್ನು ಸಿಂಗರಿಸಿ ಮೊದಲ ಸಾಲು ಹೊಡೆಯುವುದಕ್ಕೆ ಹೊನ್ನಾರು ಎನ್ನುತ್ತಾರೆ. ಆರು ಎಂದರೆ ಎತ್ತು ಹೂಡಿದ ನೇಗಿಲು. ತಮಿಳರು ಚಿತ್ತಿರೈಯಲ್ಲಿ ಹೂಡುವ ‘ಪೊನ್ನೇರ್’ ಇದರ ಒಡಹುಟ್ಟು. ಪಕಾರ ಹಕಾರವಾದ ಕನ್ನಡದ ದಾರಿಯಷ್ಟೇ ಬೇರೆ. ಪಂಚಾಂಗಗಳು ಬೇರೆಯಾದರೂ ಉಳುಮೆ ತೊಡಗುವ ಆಚರಣೆ ಒಂದೇ ಆಗಿರುವಾಗ, ಮರುದಿನದ ತೊಡಕನ್ನು ಹಬ್ಬದಿಂದ ಕಿತ್ತು ತೆಗೆಯಲು ಆಧಾರವೇನು?

ಆ ದಿನಕ್ಕೆ ಕಟ್ಟುಪಾಡಿಲ್ಲವೆಂಬ ಆಕ್ಷೇಪವೂ ನಿಲ್ಲುವುದಿಲ್ಲ. ವರ್ಷವಿಡೀ ಚೀಟಿ ಹಾಕಿ ಕೂಡಿಸಿದ ಹಣದಲ್ಲಿ ಕುರಿ ತಂದು, ಕಡಿದ ಮಾಂಸವನ್ನು ಸಮಸಮ ಗುಡ್ಡೆಗಳಾಗಿ ಹಾಕುತ್ತಾರೆ; ಎಲುಬು, ಈಲಿ, ಕೊಬ್ಬು ಎಲ್ಲ ಗುಡ್ಡೆಗೂ ಬೀಳಬೇಕು, ಒಂದು ಚೂರು ಹೆಚ್ಚಾದರೆ ಅದನ್ನೆತ್ತಿ ಇನ್ನೊಂದಕ್ಕೆ ಹಾಕುತ್ತಾರೆ. ತೊಡಕು ಸೋಮವಾರ ಬಿದ್ದರೆ, ಅದು ಶಿವನ ವಾರವೆಂದು ಎಷ್ಟೋ ಮನೆಗಳಲ್ಲಿ ಬಾಡಿನ ಮಡಕೆ ಮಂಗಳವಾರಕ್ಕೆ ಒಲೆಯೇರುತ್ತದೆ.