ಮಂಡ್ಯ ಸೀಮೆಯ ಕ್ರೈಸ್ತರ ದಿನದ ಬದುಕು: ಭರವಸೆ, ನಿಷ್ಠೆ, ಮರಳುವಿಕೆ

1. ಭರವಸೆಯೂ ನಿಷ್ಠೆಯೂ

ಕ್ರೈಸ್ತ ಬೋಧನೆಯಲ್ಲಿ ದೇವರನ್ನು ನಂಬುವುದಕ್ಕೆ ಎರಡು ಮುಖಗಳಿವೆ. ನಾಳೆಯ ಭಾರವನ್ನು ದೇವರಿಗೊಪ್ಪಿಸಿ ಇಂದಿನ ಕೆಲಸಕ್ಕೆ ಕೈಹಾಕುವುದು ಭರವಸೆ. ಆ ಭರವಸೆಗೆ ತಕ್ಕಂತೆ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ನಡೆದುಕೊಳ್ಳುವುದು ನಿಷ್ಠೆ. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ಮೊದಲನೆಯದನ್ನು ಕಲಿಸುತ್ತದೆ: ಊಟ ಬಟ್ಟೆಯ ಚಿಂತೆಯೇ ಮನುಷ್ಯನನ್ನು ಆಳಬಾರದು. ಲೂಕನ ಹದಿನಾರನೆಯ ಅಧ್ಯಾಯ ಎರಡನೆಯದನ್ನು ಕಲಿಸುತ್ತದೆ: ಚಿಕ್ಕ ವಿಷಯದಲ್ಲಿ ಪ್ರಾಮಾಣಿಕನಾದವನೇ ದೊಡ್ಡ ಹೊಣೆಗೂ ತಕ್ಕವನು.

ಇವೆರಡರ ನಡುವೆ ಬೈಬಲ್ ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತದೆ. ಶಿಷ್ಯರಲ್ಲಿ ಮುಂದಾಳಾಗಿದ್ದ ಪೇತ್ರನೇ ಗುರುವನ್ನು ಬಂಧಿಸಿದ ರಾತ್ರಿ ತನಗೆ ಆತನ ಪರಿಚಯವಿಲ್ಲವೆಂದು ಮೂರು ಸಲ ಹೇಳಿದ. ಆಮೇಲೆ ಅತ್ತು, ಮರಳಿ ಬಂದು, ಸಭೆಯ ಹೊಣೆ ಹೊತ್ತ. ಅವನ ಎಡವಟ್ಟನ್ನು ನಾಲ್ಕೂ ಶುಭಸಂದೇಶಗಳು ದಾಖಲಿಸಿವೆ. ಹೀಗಾಗಿ ಕ್ರೈಸ್ತ ನಿಷ್ಠೆಯಲ್ಲಿ ಮರಳಿ ಬರುವುದಕ್ಕೂ ಜಾಗವಿದೆ. ಮಂಡ್ಯ ಸೀಮೆಯ ಕ್ರೈಸ್ತರ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಇಲ್ಲಿ ವಿಶ್ವಾಸ ಉಳಿದದ್ದರಲ್ಲಿ ಎಡವಿ ಮರಳಿದವರ ಪಾಲು ದೊಡ್ಡದು. ಅವರಿಗೆ ಮರಳುವ ದಾರಿಯನ್ನು ತೆರೆದಿಟ್ಟದ್ದು ಮನೆಯೊಳಗಿನ ಸಣ್ಣ ದಿನಚರಿ.

2. ಶ್ರೀರಂಗಪಟ್ಟಣದ ಮೊದಲ ಸಭೆ

ಮೈಸೂರು ಸಂಸ್ಥಾನದಲ್ಲಿ ಯೇಸುಸಭೆಯ (ಜೆಸ್ವಿಟರ) ಕೆಲಸ 1648-49ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಯಿತು. ಅದಕ್ಕೆ ಬುನಾದಿ ಹಾಕಿದವನು ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ. ಇಂದಿನ ಮಂಡ್ಯ ಜಿಲ್ಲೆಯಲ್ಲಿರುವ ಅಂದಿನ ರಾಜಧಾನಿ ಶ್ರೀರಂಗಪಟ್ಟಣದಲ್ಲಿ ನೆಲೆ ಮಾಡಿಕೊಂಡ ಅವನು ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದ. ಈ ಸೀಮೆಯ ಪಾದ್ರಿಗಳು ಕಾವಿ ಉಟ್ಟು, ಮಾಂಸ ಬಿಟ್ಟು, ಸಂನ್ಯಾಸಿಗಳಂತೆ ಊರೂರು ತಿರುಗಿದರು. ಶ್ರೀರಂಗಪಟ್ಟಣ, ಗಂಜಾಂ, ಪಾಲಹಳ್ಳಿಗಳಿಂದ ಕನಕಪುರ ಕಡೆಯ ಹಾರೋಬೆಲೆಯವರೆಗೆ ಸಣ್ಣ ಸಣ್ಣ ವಿಶ್ವಾಸಿ ಗುಂಪುಗಳು ಬೆಳೆದವು. ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಅಂತೋಣಪ್ಪ ಎಂಬ ಹೆಸರುಗಳು ಕನ್ನಡ ಕಥೋಲಿಕರ ಮನೆಗಳಲ್ಲಿ ಇಂದಿಗೂ ಉಳಿದಿವೆ.

ಆ ಗುಂಪುಗಳಿಗೆ ಪಾದ್ರಿಯ ದರ್ಶನ ಅಪರೂಪವಾಗಿತ್ತು. ಒಬ್ಬ ಗುರು ಹತ್ತಾರು ಹಳ್ಳಿಗಳನ್ನು ಸುತ್ತಬೇಕಿದ್ದುದರಿಂದ ವರ್ಷದಲ್ಲಿ ಕೆಲವೇ ದಿನ ಬಲಿಪೂಜೆ ಸಿಗುತ್ತಿತ್ತು. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ತಲೆದೆಸೆಯಲ್ಲಿ ಕೂರುವುದು ಉಪದೇಶಿಯ ಮತ್ತು ಮನೆಯ ಹಿರಿಯರ ಪಾಲಿಗೆ ಬರುತ್ತಿತ್ತು. ಪೋರ್ಚುಗಲ್ 1759ರಲ್ಲಿ ತನ್ನ ಸೀಮೆಗಳಿಂದ ಯೇಸುಸಭೆಯವರನ್ನು ಹೊರಗಟ್ಟಿತು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಗೊಳಿಸಿದರು. ಗೋವೆಯಿಂದ ಬರುತ್ತಿದ್ದ ಆಸರೆ ಕಡಿದುಹೋದಾಗ ಈ ಗುಂಪುಗಳು ತಮ್ಮ ಮನೆಯ ಅಭ್ಯಾಸವನ್ನೇ ನೆಚ್ಚಬೇಕಾಯಿತು.

3. ಸೆರೆಯ ಹದಿನೈದು ವರ್ಷ

1784ರ ಫೆಬ್ರವರಿಯಲ್ಲಿ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹೊತ್ತಿಗೆ, ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಡಳಿತ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತಂದಿತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಸೆರೆಯ ಹಿಂದಿನ ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸೆರೆಯಾದವರ ಸಂಖ್ಯೆಯ ಅಂದಾಜುಗಳೂ 30,000ದಿಂದ 80,000ದವರೆಗೆ ಹರಡಿವೆ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಹಸಿವು, ಕಾಯಿಲೆಗಳಿಂದ ಸತ್ತವರು ಬಹಳ. ಬಹುಪಾಲು ಜನ ಬಲವಂತದಲ್ಲಿ ಮತ ಬದಲಿಸಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಸೆರೆ ಮುಗಿಯಿತು.

ಆಗ ಈ ಜನರ ಬಳಿಗೆ ಬಂದವನು ಪ್ಯಾರಿಸ್ ವಿದೇಶ ಮಿಷನ್ನಿನ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಜನ ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಗಂಜಾಮಿನಲ್ಲಿ ಅವನ ಹೆಸರಿನೊಂದಿಗೇ ಗುರುತಿಸಲಾಗುವ ಚರ್ಚ್ ಇಂದಿಗೂ ಇದೆ. ಪೇಟ ಸುತ್ತಿ, ದೇಶೀಯರ ಉಡುಪು ತೊಟ್ಟು, ಸಸ್ಯಾಹಾರಿಯಾಗಿ ಬದುಕಿದ ಅವನು ಚದುರಿದ ಮನೆಗಳನ್ನು ಹುಡುಕಿ ಒಂದುಗೂಡಿಸಿದ. ಹಾಸನದ ಕಡೆ ನಿರ್ಗತಿಕ ಕುಟುಂಬಗಳಿಗೆ ಬೇಸಾಯದ ನೆಲೆ ಒದಗಿಸಿದ.

ದುಬುವಾನ ಬರಹದಲ್ಲಿ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿವೆ. ಸೆರೆಯಾದ ಅಷ್ಟು ಸಾವಿರ ಜನರಲ್ಲಿ ಒಬ್ಬರೂ ಎದುರು ನಿಂತು ತಮ್ಮ ವಿಶ್ವಾಸವನ್ನು ಸಾರುವ ಧೈರ್ಯ ಮಾಡಲಿಲ್ಲವೆಂದು ಅವನು ನೊಂದು ಬರೆದ. ಅದೇ ಪಾದ್ರಿ, ಸೆರೆ ಮುಗಿದ ಮೇಲೆ ಸಾವಿರಗಟ್ಟಲೆ ಜನ ಸಭೆಗೆ ಮರಳಲು ಬಂದರೆಂದೂ ದಾಖಲಿಸಿದ. 1823ರಲ್ಲಿ ಭಾರತ ಬಿಡುವ ಹೊತ್ತಿಗೆ ಈ ನೆಲದಲ್ಲಿ ಕ್ರೈಸ್ತಧರ್ಮ ಹೊಸದಾಗಿ ಬೇರೂರುವ ಭರವಸೆಯನ್ನು ಅವನು ಬಹುಮಟ್ಟಿಗೆ ಕಳೆದುಕೊಂಡಿದ್ದ. ಆದರೆ ಅವನು ಕಂಡ ಎರಡನೆಯ ಸಂಗತಿಯೇ ಅವನ ನಿರಾಶೆಗೆ ಉತ್ತರವಾಗಿ ನಿಂತಿದೆ. ಹದಿನೈದು ವರ್ಷ ಬಹಿರಂಗ ಪೂಜೆಯಿಲ್ಲದೆ, ಬೇರೆ ಹೆಸರುಗಳಲ್ಲಿ ಬದುಕಿದವರಿಗೆ ಮರಳಬೇಕೆಂಬ ನೆನಪು ಉಳಿದಿತ್ತು. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಚರ್ಚಿನ ಗಂಟೆ ಕೇಳಿಸಿರಲಿಲ್ಲ. ತಾವು ಯಾರೆಂದು ಅವರಿಗೆ ತಿಳಿಯುವುದಾದರೆ ಅದು ಮನೆಯವರ ಬಾಯಿಂದಲೇ ತಿಳಿಯಬೇಕಿತ್ತು. ಕರಾವಳಿಗೆ ಹಿಂದಿರುಗಿದವರು ಚರ್ಚುಗಳನ್ನು ಮತ್ತೆ ಕಟ್ಟಿದರು. ಶ್ರೀರಂಗಪಟ್ಟಣದ ಸುತ್ತ ಉಳಿದವರು ಮೈಸೂರು ಸೀಮೆಯ ಸಭೆಗೆ ಸೇರಿದರು.

4. ಮನೆಯ ದಿನಚರಿ

ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಗೆ ಮತ್ತೊಂದು ಧಾರೆ ಬಂತು. ಪ್ರಾಟೆಸ್ಟಂಟ್ ಪಂಗಡವಾದ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿ, ಮುಂದೆ ಮೈಸೂರು ಸಂಸ್ಥಾನದ ಕನ್ನಡ ಹಳ್ಳಿಗಳತ್ತ ನಡೆಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಮೆಥೊಡಿಸ್ಟ್ ಸಭೆಗಳು ಅದರಲ್ಲಿ ಸೇರಿದವು. ಕಥೋಲಿಕರಲ್ಲಿ ಮೈಸೂರು ಧರ್ಮಪ್ರಾಂತ್ಯದ ಜೊತೆಗೆ, ಕೇರಳ ಮೂಲದ ಸಿರೋ-ಮಲಬಾರ್ ವಿಶ್ವಾಸಿಗಳಿಗಾಗಿ 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯವೂ ಸ್ಥಾಪನೆಯಾಯಿತು. ಇಷ್ಟಾದರೂ ಮಂಡ್ಯ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮದ್ದೂರು ಮತ್ತು ಮಂಡ್ಯದ ನಡುವಿನ ಹನಕೆರೆಯಂಥ ಕಡೆ ನೆಲೆಸಿದ ಕ್ರೈಸ್ತ ಕುಟುಂಬಕ್ಕೆ ತನ್ನ ಪಂಗಡದ ಚರ್ಚ್ ಸಿಗುವುದು ಹೆಚ್ಚಾಗಿ ಬಸ್ಸು ಹತ್ತಿ ಹೋದ ಮೇಲೆಯೇ. ಆದ್ದರಿಂದ ವಾರದ ಆರು ದಿನ ವಿಶ್ವಾಸದ ನೆಲೆ ಮನೆಯೇ.

ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರ ದಿನಚರಿಯ ನಡುಗಂಬ. ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅದು ಇನ್ನಷ್ಟು ಬಿಗಿಯಾಗುತ್ತದೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಹಾದಿ ಬರುತ್ತದೆ. ಪ್ರಾಟೆಸ್ಟಂಟ್ ಮನೆಗಳಲ್ಲಿ ಬೈಬಲಿನ ಒಂದು ಭಾಗವನ್ನು ಓದುವುದು, ಒಂದು ಹಾಡು ಹೇಳುವುದು, ಹಿರಿಯರು ಪ್ರಾರ್ಥಿಸುವುದು ಕ್ರಮ. ಎರಡೂ ಕಡೆ ಈ ದಿನಚರಿಯ ಕೆಲಸ ಒಂದೇ ಬಗೆಯದು. ಅಡುಗೆ ಒಲೆ, ಟಿವಿ, ಪಾಠಪುಸ್ತಕಗಳ ನಡುವೆ ಹದಿನೈದು ನಿಮಿಷ ಮನೆಮಂದಿಯೆಲ್ಲ ಒಂದು ಕಡೆ ಕೂರುತ್ತಾರೆ. ಜಗಳವಾಡಿದ ಅಣ್ಣತಮ್ಮಂದಿರೂ ಅಲ್ಲಿ ಒಟ್ಟಿಗೆ ಮೊಣಕಾಲೂರಬೇಕು. ತೀರಿಹೋದವರ ಹೆಸರು, ಕಾಯಿಲೆಯವರ ಹೆಸರು, ಪರೀಕ್ಷೆ ಬರೆಯುವವರ ಹೆಸರು ಪ್ರಾರ್ಥನೆಯಲ್ಲಿ ಬರುತ್ತದೆ. ಮನಸ್ಸು ಒಣಗಿದ ದಿನವೂ ಬಾಯಿಪಾಠದ ಜಪ ನಡೆಯುತ್ತದೆ. ಇದನ್ನು ಬರೀ ಯಾಂತ್ರಿಕವೆನ್ನುವವರು ಕ್ರೈಸ್ತರಲ್ಲೇ ಇದ್ದಾರೆ. ಭಾವ ಬತ್ತಿದಾಗ ಹಿಡಿದು ನಿಲ್ಲಲು ಅಭ್ಯಾಸ ಬೇಕೆಂಬುದು ಅದಕ್ಕೆ ಸಭೆಯ ಹಳೆಯ ಉತ್ತರ.

ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಲ್ಯಾಟಿನ್ನಿನ ಬಲಿಪೂಜೆ ಕನ್ನಡಕ್ಕೆ ಬಂತು. ಅದಕ್ಕೂ ಮುಂಚೆ ಮನೆಯ ಜಪ ಕನ್ನಡದಲ್ಲೇ ಇತ್ತು. ಹೀಗೆ ಪೂಜೆಯ ಭಾಷೆ ಕೊನೆಗೆ ಮನೆಯ ಜಪದ ಭಾಷೆಯನ್ನು ಕೂಡಿಕೊಂಡಿತು.

5. ನೀರು, ಕಬ್ಬು, ಸಾಲ

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ನೆಲವನ್ನು ಭತ್ತ, ಕಬ್ಬಿನ ಗದ್ದೆಯಾಗಿ ಬದಲಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇಲ್ಲಿನ ಬದುಕಿನ ಅನಿಶ್ಚಿತತೆಯೂ ಅದೇ ನೀರಿಗೆ ಅಂಟಿಕೊಂಡಿದೆ. ಅಣೆಕಟ್ಟೆ ತುಂಬದ ವರ್ಷ ನಾಲೆಗೆ ಸರದಿಯ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕಬ್ಬು ಕಡಿಯಲು ಆಳು ಸಿಗದಿದ್ದರೆ, ಕಾರ್ಖಾನೆಯ ಬಾಕಿ ತಡವಾದರೆ, ಆಲೆಮನೆಯ ಬೆಲ್ಲಕ್ಕೆ ದರ ಕುಸಿದರೆ ಸಾಲ ಬೆಳೆಯುತ್ತದೆ. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದವು.

ಇಂಥ ನೆಲದಲ್ಲಿ ದೇವರ ಮೇಲಿನ ಭರವಸೆಗೆ ಖಚಿತವಾದ ಅರ್ಥವಿರಬೇಕಾಗುತ್ತದೆ. ನಾಲೆಯ ಸರದಿ ವಿಚಾರಿಸದೆ, ಬೆಳೆವಿಮೆ ಕಟ್ಟದೆ ದೇವರು ನೋಡಿಕೊಳ್ಳುತ್ತಾನೆಂದು ಕೂರುವುದನ್ನು ಕ್ರೈಸ್ತ ಬೋಧನೆ ಭರವಸೆ ಎನ್ನುವುದಿಲ್ಲ. ದೇವರನ್ನು ಪರೀಕ್ಷಿಸುವುದು ಎನ್ನುತ್ತದೆ. ತನ್ನ ಪಾಲಿನ ಕೆಲಸ ಮುಗಿಸಿದ ಮೇಲೂ ಕೈಮೀರಿ ಉಳಿಯುವುದನ್ನು ದೇವರಿಗೆ ಒಪ್ಪಿಸುವುದು ಭರವಸೆ. ಹಾಗೆ ಒಪ್ಪಿಸಿದವನು ಬೆಳೆ ಕೈಕೊಟ್ಟಾಗ ತನ್ನ ಬದುಕೇ ಮುಗಿಯಿತೆಂದು ಎಣಿಸಬೇಕಾಗಿಲ್ಲ. ಬೈಬಲಿನ ಯೋಬನ ಕಥೆ ಇಲ್ಲಿ ನೆರವಿಗೆ ಬರುತ್ತದೆ. ದನಕರು, ಮಕ್ಕಳು, ಆರೋಗ್ಯ ಎಲ್ಲ ಹೋದಾಗ ಯೋಬ ಮೌನವಾಗಿ ಸಹಿಸಿಕೊಂಡು ಉಳಿಯಲಿಲ್ಲ. ದೇವರೊಡನೆಯೇ ವಾದಕ್ಕೆ ನಿಂತ. ಕೊನೆಯಲ್ಲಿ ದೇವರು ತಪ್ಪು ಹೊರಿಸಿದ್ದು, ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದ ಗೆಳೆಯರ ಮೇಲೆ. ಸಾಲದಲ್ಲಿ ಮುಳುಗಿದವನ ಮನೆಗೆ ಹೋಗಿ ಅವನ ನಂಬಿಕೆ ಸಾಲದಾಯಿತೆನ್ನುವ ನೆರೆಯವರಿಗೆ ಆ ಕಥೆಯಲ್ಲಿ ಎಚ್ಚರಿಕೆಯಿದೆ.

ನಿಷ್ಠೆಯ ಪರೀಕ್ಷೆ ಇನ್ನೂ ಸಣ್ಣ ಕಡೆಗಳಲ್ಲಿ ನಡೆಯುತ್ತದೆ: ಬೆಲ್ಲದ ತೂಕ, ಹಾಲಿನ ಡೇರಿಗೆ ಹಾಕುವ ಹಾಲು, ಕೂಲಿಯವರಿಗೆ ಸಂಜೆಯೇ ಕೊಡಬೇಕಾದ ಕೂಲಿ, ಸ್ವಸಹಾಯ ಸಂಘದ ಕಂತು. ಯಾಕೋಬನ ಪತ್ರ ಕೂಲಿ ತಡೆಹಿಡಿದ ಜಮೀನುದಾರರನ್ನು ಕಟುವಾಗಿ ಖಂಡಿಸುತ್ತದೆ. ಭಾನುವಾರದ ಪ್ರಾರ್ಥನೆಗೂ ಸೋಮವಾರದ ತಕ್ಕಡಿಗೂ ನಂಟಿಲ್ಲದಿದ್ದರೆ ಆ ಪ್ರಾರ್ಥನೆ ಪೊಳ್ಳು.

6. ಕಾಯಿಲೆ ಮತ್ತು ಹರಕೆ

ಕಾಯಿಲೆ ಬಿದ್ದಾಗ ಮಂಡ್ಯ ಸೀಮೆಯ ಕ್ರೈಸ್ತರು ಆಸ್ಪತ್ರೆಗೂ ಹೋಗುತ್ತಾರೆ, ಹರಕೆಯನ್ನೂ ಹೊರುತ್ತಾರೆ. ಔಷಧಿಗೆ ಈ ನೆಲದ ಸಭೆಯಲ್ಲಿ ಹಳೆಯ ಮನ್ನಣೆಯಿದೆ. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದಾಗ ಅದನ್ನು ಜನರಲ್ಲಿ ಹರಡಲು ದುಡಿದವರಲ್ಲಿ ದುಬುವಾ ಒಬ್ಬ. ವೆಸ್ಲಿಯನ್ನರು 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಸುತ್ತಲ ಹಳ್ಳಿಯವರು ಮಿಷನ್ ಆಸ್ಪತ್ರೆಯೆಂದೇ ಕರೆದರು. ಪ್ರಾರ್ಥಿಸಿದರೆ ಸಾಕು, ಮಾತ್ರೆ ಬೇಡವೆಂಬ ಮಾತು ಈ ಪರಂಪರೆಗೆ ಹೊರಗಿನದು.

ಹರಕೆಯ ಸಂಗತಿ ಹೆಚ್ಚು ಸೂಕ್ಷ್ಮ. ಕೃಷ್ಣರಾಜನಗರ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ, ಅದರಲ್ಲೂ ಜೂನ್ 13ರ ಹಬ್ಬಕ್ಕೆ, ಎಲ್ಲ ಮತಗಳ ಜನರೂ ಹರಕೆ ತೀರಿಸಲು ಬರುತ್ತಾರೆ. ಕಷ್ಟದಲ್ಲಿ ಹೊತ್ತ ಹರಕೆ ಕೃತಜ್ಞತೆಯ ಮಾತು ಕೊಟ್ಟಂತೆ. ಆ ಮಾತನ್ನು ಉಳಿಸಿಕೊಳ್ಳುವುದು ನಿಷ್ಠೆಯ ಭಾಗ. ಆದರೆ ಕೇಳಿದ್ದು ಸಿಗದಿದ್ದರೆ ನಂಬುಗೆಯನ್ನೇ ಬಿಡುವುದಾದರೆ ಅದು ವ್ಯವಹಾರವಾಗುತ್ತದೆ. ಬಂಧನದ ರಾತ್ರಿ ಗೆತ್ಸೆಮನೆಯಲ್ಲಿ ಯೇಸುವಿನ ಪ್ರಾರ್ಥನೆಯೂ ಸಂಕಟ ತಪ್ಪಲೆಂದೇ ಇತ್ತು. ಆದರೆ ಅದು ಕೊನೆಯ ಮಾತನ್ನು ತಂದೆಗೆ ಬಿಟ್ಟಿತು. ಬೇಡುವುದಕ್ಕೂ ಒಪ್ಪಿಸುವುದಕ್ಕೂ ಅಲ್ಲಿ ಜಗಳವಿಲ್ಲ. ಮಗು ಉಳಿಯದ ಮನೆ, ಕ್ಯಾನ್ಸರ್ ಗುಣವಾಗದ ಮನೆ ಮರುದಿನವೂ ಪ್ರಾರ್ಥನೆಗೆ ಕೂತಿತೆಂದರೆ, ಭರವಸೆ ಫಲವನ್ನು ಮೀರಿ ಬೆಳೆದಿದೆ ಎಂದರ್ಥ.

7. ಗುರುತಿನ ಬೆಲೆ

ಕ್ರೈಸ್ತನೆಂದು ಬಹಿರಂಗವಾಗಿ ಉಳಿಯುವುದಕ್ಕೆ ಕೆಲವರು ಇಂದಿಗೂ ಬೆಲೆ ತೆರುತ್ತಾರೆ. 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೊಂಡಿತು. ದಲಿತ ಕ್ರೈಸ್ತರು ಹೊರಗೇ ಉಳಿದಿದ್ದಾರೆ. ಕೇರಿಯಲ್ಲಿ ಜಾತಿಯ ನೋವು ಮತಾಂತರದಿಂದ ಮಾಯವಾಗುವುದಿಲ್ಲ, ಆದರೆ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಸೌಲಭ್ಯ ಹೋಗುತ್ತದೆ. ಆದ್ದರಿಂದ ಕಾಗದದಲ್ಲಿ ಒಂದು ಹೆಸರು, ಚರ್ಚಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವರಿದ್ದಾರೆ. ಇವರನ್ನು ಸುಲಭವಾಗಿ ದ್ರೋಹಿಗಳೆನ್ನುವ ಸಭೆ ಶ್ರೀರಂಗಪಟ್ಟಣದ ಚರಿತ್ರೆಯನ್ನು ಮರೆತಂತೆ. ಸಭೆಯೊಳಗೇ ಮದುವೆಯಲ್ಲಿ, ಸ್ಮಶಾನದಲ್ಲಿ ಜಾತಿ ಎಣಿಸುವವರಿರುವಾಗ ನಿಷ್ಠೆಯ ಪ್ರಶ್ನೆಯನ್ನು ಬಡವನೊಬ್ಬನಿಗೇ ಕೇಳುವುದೂ ನ್ಯಾಯವಲ್ಲ.

ನೆರೆಹೊರೆಯ ನಡುವೆ ಬಾಳುವುದು ನಿಷ್ಠೆಯ ಇನ್ನೊಂದು ಪಾಠ. ಊರಹಬ್ಬಕ್ಕೆ ಕರೆದಾಗ ಹೋಗುವುದು, ಕ್ರಿಸ್ಮಸ್ಸಿಗೆ ಕರೆದು ಊಟಕ್ಕಿಕ್ಕುವುದು, ಸಾವಿನ ಮನೆಯಲ್ಲಿ ಹೆಗಲು ಕೊಡುವುದು ಹಳ್ಳಿಯ ನಡವಳಿಕೆ. ಇನ್ನೊಬ್ಬರ ದೇವರನ್ನು ಹಳಿಯದೆ ತನ್ನ ದೇವರನ್ನು ಆರಾಧಿಸುವುದು ಇಲ್ಲಿ ಸಾಧ್ಯವಾಗಿದೆ.

8. ಮುಂದಿನ ತಲೆಮಾರು

ಬೆಂಗಳೂರು-ಮೈಸೂರು ರೈಲು ಹನಕೆರೆ, ಮದ್ದೂರುಗಳ ಯುವಜನರನ್ನು ದಿನವೂ ಕೆಲಸಕ್ಕೆ ಒಯ್ಯುತ್ತದೆ. ಪಾಳಿ ಕೆಲಸದಲ್ಲಿ ಭಾನುವಾರ ರಜೆಯೆಂದಿಲ್ಲ. ಸಂಜೆಯ ಪ್ರಾರ್ಥನೆಗೆ ಮನೆಮಂದಿ ಒಟ್ಟಿಗೆ ಸಿಗುವುದೂ ಕಷ್ಟ. ನಗರದ ಚರ್ಚುಗಳಲ್ಲಿ ಕನ್ನಡದ ಪೂಜೆಗೆ ಹುಡುಕಾಡಬೇಕಾಗುತ್ತದೆ. ಈ ಬದಲಾವಣೆಗೆ ಕುಟುಂಬಗಳು ತಮ್ಮದೇ ಉಪಾಯ ಕಂಡುಕೊಂಡಿವೆ: ರೈಲಿನಲ್ಲಿ ಮೊಬೈಲಿನಲ್ಲೇ ಬೈಬಲ್ ಓದುವುದು, ರಾತ್ರಿ ಫೋನಿನಲ್ಲಿ ಊರಿನವರ ಜಪಕ್ಕೆ ದನಿಗೂಡಿಸುವುದು, ಶನಿವಾರ ಸಂಜೆಯ ಪೂಜೆಗೆ ಹೋಗುವುದು.

ಅಭ್ಯಾಸದ ರೂಪ ಬದಲಾಗಬಹುದು. ಅಭ್ಯಾಸವೇ ತಪ್ಪಿದರೆ ನಷ್ಟ ದೊಡ್ಡದು. ಚರ್ಚಿನಿಂದ ಕೆಲವು ವರ್ಷ ದೂರವಾದ ಯುವಕ ಮದುವೆಯ ಹೊತ್ತಿಗೋ, ಮಗುವಿನ ಜ್ಞಾನಸ್ನಾನಕ್ಕೋ, ತಂದೆಯ ಮಣ್ಣಿಗೋ ಮರಳುವುದುಂಟು. ಎಳವೆಯಲ್ಲಿ ಬಾಯಿಗೆ ಬಂದ ಜಪ ಅವನಿಗೆ ಆಗ ನೆನಪಿದ್ದರೆ ಅವನು ಅಪರಿಚಿತನಾಗಿ ನಿಲ್ಲಬೇಕಾಗುವುದಿಲ್ಲ. ಮರಳಿದವನನ್ನು ಲೆಕ್ಕ ಕೇಳದೆ ಒಳಗೆ ಕರೆದುಕೊಳ್ಳುವುದು ಸಭೆಯ ಕೆಲಸ. ಮರಳಲು ಬೇಕಾದ ನೆನಪನ್ನು ಕೊಡುವುದು ಮನೆಯ ಕೆಲಸ. 1799ರ ನಂತರ ಈ ಎರಡೂ ಒಂದುಗೂಡಿದ್ದರಿಂದಲೇ ಶ್ರೀರಂಗಪಟ್ಟಣದ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸ ಮತ್ತೆ ಚಿಗುರಿತು, ಅದು ಮುಂದಿನ ತಲೆಮಾರಿಗೂ ದಾಟುವುದು ಇದೇ ಕ್ರಮದಲ್ಲಿ.